ಶಾರದತ್ತೆ ಬ್ರೇಕ್ ಪ್ಯಾಡ್ ಕೊಂಡದ್ದು

ಬಿಡಿಬಿಡಿಯಾಗಿ ಕಂಡಾಗ ಸಜ್ಜನರೇ ಆಗಿರುವ ಮನುಷ್ಯರು ನಾಲ್ಕು ಜನ ಒಂದೆಡೆ ಸೇರಿದ ಕೂಡಲೇ ಯಾಕೆ ಹಾಗೆ ಕೆಡುತ್ತಾರೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಮದುವೆ ಮನೆಗಳಲ್ಲಿ, ಕನ್ನಡ ಕೂಟದ ಕಾರ್ಯಕಾರಿ ಸಮಿತಿಗಳಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತರುವ ವಾರಾಂತ್ಯದ ಪಾಟ್‌ಲಕ್ ಊಟಗಳಲ್ಲಿ ಇದಕ್ಕೆ ಬೇಕಾದಷ್ಟು ಸಾಕ್ಷ್ಯ ಸಿಗುತ್ತದೆ. ನಾಲ್ವರಲ್ಲಿ ಯಾರನ್ನೇ ಪಕ್ಕಕ್ಕೆ ಕರೆದು ಮಾತಾಡಿಸಿ ನೋಡಿ, ಬೆಣ್ಣೆಯಂಥವರು. ಹಾಗಿದ್ದರೆ ಮೊಸರನ್ನದ ಪಾತ್ರೆಯ ಮುಂದೆ ಜಗಳವಾಡಿದ್ದು ಯಾರು? ಇದನ್ನು ಸುಮ್ಮನೆ ಕುತೂಹಲಕ್ಕಾಗಿ ಯೋಚಿಸಿ ಬಿಟ್ಟುಬಿಡುವವರೇ ಹೆಚ್ಚು. ನನಗೆ ಮಾತ್ರ ಇದು ಒಂದು ಕಾಲದಲ್ಲಿ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಆ ಕಥೆ ಹೇಳುವ ಮೊದಲು ಒಂದು ಎಚ್ಚರಿಕೆಯ ಮಾತು. ನಾನು ಕಾಲೇಜಿನ ದಿನಗಳಿಂದ ದಿನಚರಿ ಬರೆಯುವವಳು. ಆದ್ದರಿಂದಲೇ ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಧಾರಾಕಾರ ಮಳೆ ಸುರಿದಿತ್ತೆಂದು ನಾನು ಆಣೆಯಿಟ್ಟು ಹೇಳುವ ದಿನ ದಿನಚರಿಯಲ್ಲಿ ಸುಡುಬಿಸಿಲು ಇರುತ್ತದೆ. ಆ ದಿನಚರಿಯನ್ನು ಬರೆದವಳೂ ನಾನೇ ಆದ್ದರಿಂದ ಅದನ್ನಾದರೂ ಪೂರ್ತಿ ಯಾಕೆ ನಂಬಬೇಕು ಎಂದು ಇನ್ನೊಂದು ಅನುಮಾನ.

ಮಿಶಿಗನ್ನಿನಲ್ಲಿ ಕಾರಿನ ಕಂಪನಿಗಳು ಒಂದರ ಹಿಂದೊಂದು ಕೈಚೆಲ್ಲಿ ಕೂತ ವರ್ಷಗಳು ಅವು. ನಮ್ಮ ಮನೆ ರಾಚೆಸ್ಟರ್ ಹಿಲ್ಸ್‌ನಲ್ಲಿ, ನನ್ನ ಕೆಲಸ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ, ಕಾರಿನ ಬಿಡಿಭಾಗಗಳನ್ನು ಮಾರುವ ಒಂದು ಕಂಪನಿಯಲ್ಲಿ. ದೇಶದ ಗ್ಯಾರೇಜಿನವರೆಲ್ಲ ಆ ಕಂಪನಿಯ ವೆಬ್‌ಸೈಟಿಗೆ ಬಂದು ಬ್ರೇಕ್ ಪ್ಯಾಡು, ಫ್ಯಾನ್ ಬೆಲ್ಟು, ವೈಪರು ಮುಂತಾದವನ್ನು ಬುಟ್ಟಿಗೆ ಹಾಕಿಕೊಂಡು ಆರ್ಡರ್ ಮಾಡುತ್ತಿದ್ದರು. ಒತ್ತಿದ ಗುಂಡಿ ಒತ್ತಿದ ಹಾಗೆ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷೆ ಮಾಡುವವಳು ನಾನು, ಗುತ್ತಿಗೆಯ ಮೇಲೆ. ಮೊದಮೊದಲು ನಾನೇ ಕೂತು ಒತ್ತುತ್ತಿದ್ದೆ. ಆಮೇಲೆ ಬುದ್ಧಿ ಬಂದು, ಆ ಒತ್ತುವ ಕೆಲಸವನ್ನೆಲ್ಲ ಜಾವಾಸ್ಕ್ರಿಪ್ಟಿನಲ್ಲಿ ಬರೆದಿಟ್ಟೆ. ಬೆಳಿಗ್ಗೆ ಬಂದು ಶುರು ಮಾಡಿದರೆ ಬ್ರೌಸರು ತಾನೇ ತೆರೆದುಕೊಂಡು, ತಾನೇ ಹೆಸರು ಹೇಳಿ ಒಳಗೆ ಹೋಗಿ, ತಾನೇ ಬುಟ್ಟಿ ತುಂಬಿಸಿ, ಸರಿ-ತಪ್ಪು ಹೇಳುತ್ತಿತ್ತು. ಇದನ್ನು ಫೋನಿನಲ್ಲಿ ಅಮ್ಮನಿಗೆ ವಿವರಿಸಿದಾಗ ಅವರು, “ಹಾಗಾದ್ರೆ ನೀನೇನು ಮಾಡ್ತೀಯ?” ಎಂದು ಕೇಳಿದರು. “ಅದು ಮಾಡೋದನ್ನ ನೋಡ್ತಾ ಕೂತಿರ್ತೀನಿ,” ಎಂದೆ. “ಅದಕ್ಕೆ ಸಂಬಳ ಕೊಡ್ತಾರಾ?” ಎಂದರು. ಆ ಪ್ರಶ್ನೆ ಇನ್ನೂ ಯಾರಿಗೂ ಹೊಳೆದಿಲ್ಲ ಎಂಬುದೇ ನನ್ನ ಅಂದಿನ ಭದ್ರತೆಯಾಗಿತ್ತು.

ಇಂಥ ಪರೀಕ್ಷೆಗೆ ಸುಳ್ಳು ಗಿರಾಕಿಗಳು ಬೇಕು. ಬೇರೆಯವರು ಗಿರಾಕಿ ಒಂದು, ಗಿರಾಕಿ ಎರಡು ಎಂದು ಹೆಸರಿಡುತ್ತಾರೆ. ನನಗೆ ಅಂಕಿಗಳು ನೆನಪಿರುವುದಿಲ್ಲ, ನೆಂಟರು ನೆನಪಿರುತ್ತಾರೆ. ಹಾಗಾಗಿ ನನ್ನ ಬಂಧುವರ್ಗವನ್ನೇ ಗಿರಾಕಿಗಳನ್ನಾಗಿ ಮಾಡಿದೆ. ಮನೆತುಂಬ ಸಾಮಾನು ತರುವ ಚಪಲವಿರುವ ಶಾರದತ್ತೆಗೆ ದೊಡ್ಡ ದೊಡ್ಡ ಆರ್ಡರುಗಳ ಪರೀಕ್ಷೆ. ಜೀವನದಲ್ಲಿ ಕೊಂಡ ಪ್ರತಿಯೊಂದು ವಸ್ತುವನ್ನೂ ಒಮ್ಮೆಯಾದರೂ ಅಂಗಡಿಗೆ ವಾಪಸು ಒಯ್ದು ನೋಡಿರುವ ನಂಜುಂಡ ದೊಡ್ಡಪ್ಪನಿಗೆ ಬುಟ್ಟಿ ಖಾಲಿ ಮಾಡುವ ಪರೀಕ್ಷೆ. ಪಾಸ್‌ವರ್ಡ್ ಮರೆಯುವ ಪಾತ್ರ ಸೀನ ಮಾವನದು, ಅವರು ಮನೆಯ ಬೀಗದ ಕೈಯನ್ನೇ ಮರೆಯುವವರು. ಹೀಗೆ ಎಂಟು ಜನ. ಮೈಸೂರು ಬಿಟ್ಟು ಬೆಂಗಳೂರಿಗೆ ಬರಲೂ ಒಪ್ಪದ ಶಾರದತ್ತೆ ದಿನಾ ಬೆಳಿಗ್ಗೆ ಮಿಶಿಗನ್ನಿನಲ್ಲಿ ಟ್ರಕ್ಕಿನ ಬ್ರೇಕ್ ಪ್ಯಾಡ್ ಕೊಳ್ಳುತ್ತಿದ್ದರು. ನೋಡುತ್ತ ಕೂತರೆ ನನಗೇನೋ ಒಂದು ಸಮಾಧಾನ.

ಆ ಚಳಿಗಾಲದಲ್ಲಿ ನನ್ನ ಗಂಡ ಶ್ರೀಧರರ ಕೆಲಸ ಹೋಯಿತು. ಅವರು ಬೇರೊಂದು ಕಂಪನಿಯಲ್ಲಿ ಕಾರಿನ ಬ್ರೇಕುಗಳ ಎಂಜಿನಿಯರು. ಕೆಲಸದ ಜೊತೆಗೆ ವೀಸಾವೂ ಹೋಗುವುದರಿಂದ ಅವರು ನನ್ನ ವೀಸಾದ ಅವಲಂಬಿಯಾಗಿ, ಅಂದರೆ ಡಿಪೆಂಡೆಂಟ್ ಆಗಿ, ಸೇರಿಕೊಂಡರು. ಮದುವೆಯಾಗಿ ಬಂದಾಗ ನಾನು ಅವರ ಅವಲಂಬಿಯಾಗಿದ್ದೆ, ಈಗ ತಿರುವುಮುರುವು. ಅವರು ಅದನ್ನು ನಗುತ್ತಲೇ ಹೇಳುತ್ತಿದ್ದರು. “ಮೇಡಮ್ಮೋರು ಆಫೀಸಿಗೆ ಹೊರಟ್ರು, ಡಬ್ಬಿ ರೆಡಿ,” ಎಂದು. ಆದರೆ ಸಾರಿಗೆ ಒಗ್ಗರಣೆ ಹಾಕುವಾಗ ಥರ್ಮಾಮೀಟರು ಹಿಡಿದು ಎಣ್ಣೆಯ ಫ್ಯಾರನ್‌ಹೀಟು ನೋಡಲು ಶುರುಮಾಡಿದಾಗ, ಈ ಮನುಷ್ಯನಿಗೆ ಬೇಗ ಒಂದು ಕೆಲಸ ಸಿಗಲಿ ದೇವರೇ ಎಂದುಕೊಂಡೆ. ಒಟ್ಟಿನಲ್ಲಿ ಅವರು, ನಾನು, ಎರಡನೇ ಕ್ಲಾಸಿನ ಮಗಳು ಅನಘಾ, ಮೂವರೂ ಈ ದೇಶದಲ್ಲಿ ಇರುವುದು ನನ್ನೊಬ್ಬಳ ಗುತ್ತಿಗೆಯ ಮೇಲೆ ನಿಂತಿತು.

ಸರಿಯಾಗಿ ಆಗಲೇ ನಮ್ಮ ಮ್ಯಾನೇಜರ್ ಗ್ಯಾರಿ ನನ್ನನ್ನು ಕರೆದ. ಗ್ಯಾರಿ ಒಳ್ಳೆಯವನು. ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇರುವುದು ಅವನ ಅಭ್ಯಾಸ. ಆ ವರ್ಷ ಅವನ ಪೆನ್ನುಗಳೆಲ್ಲ ಹಾಳಾಗಿದ್ದವು. ನನ್ನ ಪರೀಕ್ಷೆಗಳೆಲ್ಲ ಒಂದಾದ ಮೇಲೊಂದು ಓಡಿ ಮುಗಿಯಲು ಇಡೀ ದಿನ ಹಿಡಿಯುತ್ತಿತ್ತು. ಬೆಳಿಗ್ಗೆ ಯಾರೋ ಕೆಡಿಸಿದ್ದು ಸಂಜೆ ಗೊತ್ತಾದರೆ ಸರಿಮಾಡಲು ಈಗ ಜನರಿಲ್ಲ ಎಂದ. ತಿಂಗಳ ಕೊನೆಯೊಳಗೆ ಎಲ್ಲ ಪರೀಕ್ಷೆಗಳೂ ಮಧ್ಯಾಹ್ನದ ಊಟದ ಮೊದಲು ಮುಗಿಯಬೇಕು. ಆಗದಿದ್ದರೆ ಮೇಲಿನವರು ಈ ಕೆಲಸವನ್ನು ಹೊರಗಿನ ಇನ್ನೊಂದು ಕಂಪನಿಗೆ ಕೊಡುತ್ತಾರೆ, ನಿನ್ನ ಗುತ್ತಿಗೆ ಮುಂದುವರಿಯುವುದಿಲ್ಲ ಎಂದ. ಮುಚ್ಚಳ ಹಾಕಿದ.

ಉಪಾಯ ಎಲ್ಲರಿಗೂ ಗೊತ್ತಿರುವುದೇ. ಎಂಟು ಬ್ರೌಸರುಗಳನ್ನು ಒಟ್ಟಿಗೆ ಓಡಿಸುವುದು. ಅದಕ್ಕೆ ಎಂಟು ಕಂಪ್ಯೂಟರು ಬೇಕು. ಹೊಸದು ಕೇಳುವ ಕಾಲವಲ್ಲ. ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಧಾರವಾಡದ ಬಸವರಾಜನನ್ನು ಕೇಳಿದೆ. ಅವನು ಕೈ ಎತ್ತಿ ಇಡೀ ಹಜಾರವನ್ನು ತೋರಿಸಿದ. “ಇಷ್ಟೆಲ್ಲ ಖಾಲಿ ಬಿದ್ದಾವಲ್ರಿ ಮೇಡಮ್. ಕುರ್ಚಿ ಖಾಲಿ ಆಗ್ಯಾವ, ಮಷೀನ್ ಇನ್ನೂ ಅಲ್ಲೇ ಅದಾವ. ಯಾವುದು ಬೇಕು ತಗೋರಿ.” ನಿಜ. ಕೆಲಸ ಕಳೆದುಕೊಂಡವರ ಗೂಡುಗಳು, ಮರೆ ಕಟ್ಟಿದ ಕ್ಯೂಬಿಕಲ್ಲುಗಳು, ಸಾಲಾಗಿದ್ದವು. ರಟ್ಟಿನ ಪೆಟ್ಟಿಗೆಯಲ್ಲಿ ಸಾಮಾನು ತುಂಬಿಕೊಂಡು ಹೋದವರು ಎಲ್ಲವನ್ನೂ ಒಯ್ದಿರಲಿಲ್ಲ. ಡೋನಾ ಎಂಬ ಹಿರಿಯ ಹೆಂಗಸಿನ ಮೇಜಿನ ಕೆಳಗೆ ಕಾಲು ಬೆಚ್ಚಗಿಡುವ ಪುಟ್ಟ ಹೀಟರು ಹಾಗೇ ಇತ್ತು. ಬಸವರಾಜ ಒಂದೊಂದಕ್ಕೂ ತಂತಿ ಎಳೆದು ಕೊಟ್ಟ. ನಾನು ಶುರು ಮಾಡಿದೆ. ಯಾರೂ ಇಲ್ಲದ ಎಂಟು ಗೂಡುಗಳಲ್ಲಿ ಎಂಟು ಪರದೆಗಳು ಬೆಳಗಿ, ಯಾರೂ ಮುಟ್ಟದೆ ಪುಟಗಳು ತೆರೆದುಕೊಂಡವು, ಯಾರೂ ಒತ್ತದೆ ಅಕ್ಷರಗಳು ಮೂಡಿದವು. ಡೋನಾಳ ಕುರ್ಚಿಯ ಮುಂದೆ ಶಾರದತ್ತೆ, ಪಕ್ಕದ ಗೂಡಿನಲ್ಲಿ ದೊಡ್ಡಪ್ಪ, ಅದರಾಚೆ ಸೀನ ಮಾವ. ಕಾಫಿ ಹಿಡಿದು ಹೋಗುತ್ತಿದ್ದವರೊಬ್ಬರು ನಿಂತು ನೋಡಿ, ಬೇರೆ ದಾರಿಯಿಂದ ಹೋದರು. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯೂ ನಾಚಿಕೆಯೂ ಒಟ್ಟಿಗೆ ಆದದ್ದು ಅದೇ ಮೊದಲು.

ಹೆಮ್ಮೆ ಬಹಳ ಹೊತ್ತು ಇರಲಿಲ್ಲ. ಎಲ್ಲ ಫೇಲು. ಒಂದೊಂದಾಗಿ ಓಡಿಸಿದರೆ ಎಲ್ಲರೂ ಪಾಸು. ಎಂಟು ಜನರನ್ನೂ ಒಟ್ಟಿಗೆ ಬಿಟ್ಟರೆ ಒಬ್ಬರಾದ ಮೇಲೊಬ್ಬರು ಬೀಳುತ್ತಾರೆ. ಅದೂ ಇವತ್ತು ಶಾರದತ್ತೆ ಬಿದ್ದರೆ ನಾಳೆ ಸೀನ ಮಾವ. ದಿನಾ ಬೆಳಿಗ್ಗೆ ಬಸವರಾಜ ನನಗಿಂತ ಮೊದಲು ವರದಿ ನೋಡಿ, ಕಾಫಿ ಯಂತ್ರದ ಹತ್ತಿರ ಕಾದಿರುತ್ತಿದ್ದ. “ಏನ್ರಿ ಮೇಡಮ್, ನಿಮ್ಮತ್ತಿ ಮತ್ತ ಫೇಲ್ ಆಗ್ಯಾರ. ಟ್ಯೂಷನ್‌ಗೆ ಹಾಕ್ರಿ.” ಗ್ಯಾರಿಯ ಕಷ್ಟ ಬೇರೆ. ವರದಿಯಲ್ಲಿ ಪ್ರತಿ ಯಂತ್ರದ ಹೆಸರು ಬರುತ್ತಿತ್ತು, ಯಂತ್ರಗಳಿಗೆ ಅವುಗಳ ಹಳೆಯ ಒಡೆಯರ ಹೆಸರೇ ಇತ್ತು. ಒಂದು ಬೆಳಿಗ್ಗೆ ಸಭೆಯಲ್ಲಿ ಅವನು ಗಟ್ಟಿಯಾಗಿ ಓದತೊಡಗಿದ. “ಡೋನಾ ಫೇಲಾಗಿದೆ...” ಅಲ್ಲಿಗೇ ನಿಲ್ಲಿಸಿದ. ಡೋನಾ ಅವನ ಜೊತೆ ಅದೇ ಹಜಾರದಲ್ಲಿ ತಲೆ ನರೆಸಿಕೊಂಡವಳು. ಅವಳನ್ನು ಕೋಣೆಗೆ ಕರೆದು ಸುದ್ದಿ ಹೇಳಿದವನೂ ಅವನೇ. ಸಭೆ ಮುಗಿದ ಮೇಲೆ ನನ್ನ ಬಳಿ ಬಂದು, ಯಂತ್ರಗಳಿಗೆ ಬೇರೆ ಹೆಸರು ಇಡಲಾಗುತ್ತದೆಯೇ ಎಂದು ಮೆಲ್ಲಗೆ ಕೇಳಿದ. ಆ ಮಧ್ಯಾಹ್ನ ಅವಕ್ಕೆಲ್ಲ ಅಂಕಿ ಹಾಕಿದೆ. ಅಂಕಿಗಳು ನೆನಪಿರುವುದಿಲ್ಲ ಎಂದೆನಲ್ಲ, ಅದರ ಉಪಯೋಗ ಏನೆಂದು ಅವತ್ತು ತಿಳಿಯಿತು.

ಮನೆಯಲ್ಲಿ ಶ್ರೀಧರ ನನ್ನ ಮುಖ ನೋಡಿಯೇ ಫಲಿತಾಂಶ ಹೇಳುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತ, “ಒಂದೊಂದಾಗಿ ಪಾಸ್ ಆಗ್ತಿದೆ ಅಂದ್ರೆ ಬಿಡಿಭಾಗ ಸರಿಯಾಗೇ ಇದೆ ಕಣೇ. ಜೋಡಣೇಲಿ ತೊಂದರೆ,” ಎಂದರು.

“ಅಷ್ಟು ನನಗೂ ಗೊತ್ತು ರೀ.”

“ಗೊತ್ತಿದ್ರೆ ಸರಿ ಮಾಡು. ಪ್ರತಿಯೊಬ್ಬರೂ ಸ್ವಲ್ಪ ಕಾಯೋ ಹಾಗೆ ಮಾಡು.”

“ಎಲ್ಲರೂ ಕಾದರೆ ಮತ್ತೆ ಸಂಜೆ ಆಗುತ್ತೆ. ಹಾಗಾದ್ರೆ ಒಟ್ಟಿಗೆ ಯಾಕೆ ಓಡಿಸಬೇಕು?”

“ನನ್ನ ಮೇಲೆ ಯಾಕೆ ರೇಗ್ತೀಯ? ನಾನು ಡಿಪೆಂಡೆಂಟು, ಏನೋ ಒಂದು ಮಾತು ಹೇಳ್ದೆ.”

ಆ ಮಾತಿಗೆ ನಗಬೇಕೋ ಬೇಡವೋ ಇಬ್ಬರಿಗೂ ಗೊತ್ತಾಗಲಿಲ್ಲ. ದೋಸೆ ಸೀದಿತು. ಅನಘಾ, “ಡ್ಯಾಡ್, ಇಟ್ಸ್ ಬರ್ನಿಂಗ್,” ಎಂದಳು. ಮರುದಿನ ಹೋಗಿ ಅವರು ಹೇಳಿದ ಹಾಗೆಯೇ ಅಲ್ಲಲ್ಲಿ ಕಾಯುವ ಆಜ್ಞೆ ಸೇರಿಸಿದೆ. ಎಂಟು ಪರದೆಗಳೂ ಗಂಟೆಗಟ್ಟಲೆ ಸಭ್ಯವಾಗಿ ಕಾದು, ಸಂಜೆ ಹೊತ್ತಿಗೆ ಫೇಲಾದವು.

ತಿಂಗಳು ಮುಗಿಯುತ್ತ ಬಂತು. ನನಗೊಂದು ಸಣ್ಣ ತೊಂದರೆ ಇತ್ತು: ಎರಡು ಗೂಡುಗಳಲ್ಲಿ ಒಂದೇ ಕ್ಷಣದಲ್ಲಿ ಏನಾಗುತ್ತಿದೆ ಎಂದು ನನ್ನ ಎರಡು ಕಣ್ಣುಗಳಿಂದ ನೋಡಲಾಗುತ್ತಿರಲಿಲ್ಲ. ನಡುವೆ ಕತ್ತಿನೆತ್ತರದ ಮರೆ. ಕೊನೆಗೆ ಬಸವರಾಜನನ್ನು ದೊಡ್ಡಪ್ಪನ ಗೂಡಿನಲ್ಲಿ ನಿಲ್ಲಿಸಿ, ಕಂಡದ್ದನ್ನು ಕಂಡ ಹಾಗೆ ಕೂಗು ಎಂದು ಹೇಳಿ, ನಾನು ಶಾರದತ್ತೆಯ ಮುಂದೆ ನಿಂತೆ.

“ಅತ್ತೆ ಒಳಗೆ ಬಂದ್ರು!” ಎಂದು ನಾನು ಕೂಗಿದೆ.

“ದೊಡ್ಡಪ್ಪನೂ ಬಂದಾರ್ರಿ!”

“ಅತ್ತೆ ಬ್ರೇಕ್ ಪ್ಯಾಡ್ ತಗೊಂಡ್ರು!”

“ಇಲ್ಲಿ ದೊಡ್ಡಪ್ಪಗ ಬ್ರೇಕ್ ಪ್ಯಾಡ್ ಕಾಣಾಕತ್ತೇತ್ರಿ!”

“ದೊಡ್ಡಪ್ಪನಿಗೆ ಯಾಕೆ? ಅವರದು ವೈಪರು ಅಲ್ವಾ?”

“ವೈಪರೂ ಐತಿ, ಬ್ರೇಕ್ ಪ್ಯಾಡೂ ಐತಿ. ಮೇಡಮ್, ದೊಡ್ಡಪ್ಪ ಎಲ್ಲಾ ಚೆಲ್ಲಿಬಿಟ್ರು! ಬುಟ್ಟಿ ಖಾಲಿ!”

ನನ್ನ ಪರದೆಯಲ್ಲಿ ಶಾರದತ್ತೆ ದುಡ್ಡು ಕೊಡಲು ಹೋಗಿ, ಖಾಲಿ ಬುಟ್ಟಿಯ ಮುಂದೆ ನಿಂತು ಫೇಲಾದರು. ಹಜಾರದ ಆ ತುದಿಯಲ್ಲಿ ಉಳಿದಿದ್ದ ನಾಲ್ಕು ಜನ ಎದ್ದು ನಿಂತು, ಮರೆಯ ಮೇಲಿಂದ ನಮ್ಮಿಬ್ಬರನ್ನೂ ನೋಡಿದರು. ಕೂಗಾಟ ಕೇಳಿದವರು ಇನ್ಯಾರದೋ ಕೆಲಸ ಹೋಯಿತೆಂದು ತಿಳಿದಿದ್ದರಂತೆ.

ಬಸವರಾಜ ಬಂದು ನನ್ನ ಪಕ್ಕ ನಿಂತ. “ಎಂಟೂ ಮಂದಿಗೂ ಒಂದೇ ಬುಟ್ಟಿ ಯಾಕ ಕೊಟ್ರಿ?” ಎಂದ.

ಯಾಕೆ ಕೊಟ್ಟೆ? ಉತ್ತರ ನನಗೆ ಆ ಕ್ಷಣದಲ್ಲೇ ತಿಳಿದಿತ್ತು, ಹೇಳಲು ನಾಚಿಕೆಯಾಯಿತು. ಆ ವೆಬ್‌ಸೈಟಿನಲ್ಲಿ ಒಂದು ವಿಳಾಸಕ್ಕೆ ಒಂದು ಖಾತೆ, ಒಂದು ಖಾತೆಗೆ ಒಂದು ಬುಟ್ಟಿ. ಒಂದು ಗ್ಯಾರೇಜಿನ ನಾಲ್ಕಾರು ಕೆಲಸಗಾರರು ಒಂದೇ ಖಾತೆಯಲ್ಲಿ ಕೊಳ್ಳಲಿ ಎಂದು ಹಾಗೆ ಮಾಡಿದ್ದರು. ಗಿರಾಕಿಗಳನ್ನು ಸೃಷ್ಟಿಸುವಾಗ ನಾನು ಎಂಟು ಜನರಿಗೂ ಒಂದೇ ವಿಳಾಸ ಕೊಟ್ಟಿದ್ದೆ. ಅದಕ್ಕೆ ಒಂದು ಕ್ಷಣವೂ ಯೋಚಿಸಿರಲಿಲ್ಲ. ಶಾರದತ್ತೆ, ದೊಡ್ಡಪ್ಪ, ಸೀನ ಮಾವ ಎಂದರೆ ನನ್ನ ಮನಸ್ಸಿನಲ್ಲಿ ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಾನು ಬೆಳೆದ ಆ ಒಂದೇ ಬಾಡಿಗೆ ಮನೆ, ಒಂದೇ ಉದ್ದನೆಯ ಊಟದ ಪಂಕ್ತಿ. ಅಂಥವರಿಗೆ ಬೇರೆ ಬೇರೆ ವಿಳಾಸ ಬರೆಯುವುದು ಹೇಗೆ? ಒಬ್ಬೊಬ್ಬರಾಗಿ ಬರುತ್ತಿದ್ದಷ್ಟು ದಿನ ಆ ಬುಟ್ಟಿಯಲ್ಲಿ ಜಗಳವಿರಲಿಲ್ಲ. ಒಟ್ಟಿಗೆ ಬಂದ ಕೂಡಲೇ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತೆಗೆಯುತ್ತಿದ್ದರು.

ಸರಿಪಡಿಸುವುದು ಸುಲಭ. ಎಂಟು ಜನರಿಗೆ ಎಂಟು ವಿಳಾಸ, ಎಂಟು ಖಾತೆ. ಬಸವರಾಜ ಅದಕ್ಕೂ ಹೆಸರಿಟ್ಟ, “ಪಾಲು ಮಾಡ್ರಿ ಮೇಡಮ್, ವಕೀಲರ ಖರ್ಚು ಇಲ್ಲ” ಎಂದ. ಆದರೂ ಅವತ್ತು ಸಂಜೆ ಮಾಡದೆ ಮನೆಗೆ ಬಂದೆ. ಕುಟುಂಬದ ಅನ್ನ ಈ ಕೆಲಸದ ಮೇಲಿರುವಾಗ ಇಲ್ಲದ ಕುಟುಂಬವೊಂದನ್ನು ಒಡೆಯಲು ಹಿಂದೆಮುಂದೆ ನೋಡುವ ವಿದ್ಯಾವಂತ ಹೆಂಗಸು ಇನ್ನೆಲ್ಲಾದರೂ ಇದ್ದಾಳೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಮರುದಿನ ಕೆಲಸಕ್ಕೆ ಹೊರಡುವ ಮೊದಲು ಶಾರದತ್ತೆಗೇ ಫೋನ್ ಮಾಡಿದೆ. ವಿಷಯ ಹೇಳಲಿಲ್ಲ. ಒಂಟಿಕೊಪ್ಪಲಿನಲ್ಲಿ ನಾವೆಲ್ಲ ಒಟ್ಟಿಗೆ ಎಷ್ಟು ವರ್ಷ ಇದ್ದೆವು ಎಂದು ಮಾತ್ರ ಕೇಳಿದೆ.

“ಎಷ್ಟು ವರ್ಷ? ನಾವೆಲ್ಲಿ ಒಟ್ಟಿಗಿದ್ವಿ?” ಎಂದರು ಅತ್ತೆ. “ಬೇಸಿಗೆ ರಜ ಬಂದಾಗ ಮಕ್ಕಳನ್ನ ಕಟ್ಟಿಕೊಂಡು ಬರ್ತಿದ್ವಿ, ಅಷ್ಟೆ. ಅದೂ ನಿಮ್ಮ ದೊಡ್ಡಪ್ಪ ಬಂದಿದ್ದಾರೆ ಅಂದ್ರೆ ನಾನು ಬರ್ತಾನೇ ಇರಲಿಲ್ಲ. ನಿಮ್ಮಮ್ಮನ್ನ ಕೇಳು.”

“ಮತ್ತೆ ಆ ಊಟದ ಪಂಕ್ತಿ? ನೀವೆಲ್ಲ ಸಾಲಾಗಿ ಕೂತಿದ್ದು?”

“ಅದು ನಿನ್ನ ಸೋದರಮಾವನ ಮದುವೆ ಕಣೇ. ಛತ್ರ ಅದು!”

ಹೀಗೆ, ಎಂದೂ ಇಲ್ಲದಿದ್ದ ಒಂದು ಅವಿಭಕ್ತ ಕುಟುಂಬದ ನೆನಪಿನ ಮೇಲೆ ನಾನು ಅಮೆರಿಕನ್ ಕಂಪನಿಯೊಂದರ ಪರೀಕ್ಷಾ ವ್ಯವಸ್ಥೆಯನ್ನು ಕಟ್ಟಿದ್ದೆ. ಆಮೇಲೆ ತಡವಾಗಲಿಲ್ಲ. ಹೋದವಳೇ ಎಂಟು ಜನರಿಗೂ ಬೇರೆ ಬೇರೆ ಊರು ಕೊಟ್ಟೆ. ಅತ್ತೆಗೂ ದೊಡ್ಡಪ್ಪನಿಗೂ ನಡುವೆ ಒಂದಿಡೀ ರಾಜ್ಯ ಬರುವ ಹಾಗೆ ನೋಡಿಕೊಂಡೆ. ಗ್ಯಾರಿ ಬಂದು ಬೆನ್ನ ಹಿಂದೆ ನಿಂತ ದಿನ ಎಂಟು ಪರದೆಗಳೂ ಒಟ್ಟಿಗೆ ಓಡಿ, ಒಬ್ಬರ ಬುಟ್ಟಿಗೆ ಒಬ್ಬರು ಕೈ ಹಾಕದೆ, ಊಟಕ್ಕೆ ಬಹಳ ಮೊದಲೇ ಹಸಿರು ತೋರಿಸಿ ನಿಂತವು. ಶಾರದತ್ತೆ ಬ್ರೇಕ್ ಪ್ಯಾಡ್ ಕೊಂಡರು. ಗ್ಯಾರಿ ಹಜಾರದ ಉದ್ದಕ್ಕೂ ಒಮ್ಮೆ ನೋಡಿ, ತುಂಬ ಸದ್ದಿಲ್ಲದೆ ಕೆಲಸ ಮಾಡುತ್ತಾರೆ ಇವರು ಎಂದ. ನನ್ನ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಯಿತು.

ಆ ಸಂಜೆ ಕಾರು ನಿಲ್ಲಿಸಿ ಒಳಗೆ ಬಂದು, ಕೋಟು ಬಿಚ್ಚುವ ಮೊದಲೇ ಸುದ್ದಿ ಹೇಳಿದೆ. ಶ್ರೀಧರ ಒಲೆ ಆರಿಸಿ ನನ್ನ ಕಡೆ ತಿರುಗಿದರು. ನಕ್ಕರು. ಆಮೇಲೆ, “ನನಗೂ ಒಂದು ಫೋನ್ ಬಂದಿತ್ತು. ಆಫರ್ ಕೊಟ್ಟಿದಾರೆ,” ಎಂದರು. ರೈಲಿನ ಬ್ರೇಕುಗಳನ್ನು ಮಾಡುವ ಕಂಪನಿ, ಅವರಿಗೆ ಅವರದೇ ವೀಸಾ. ಆದರೆ ಕೆಲಸ ಇಲ್ಲಿ ಅಲ್ಲ, ಷಿಕಾಗೋ ಪಕ್ಕದ ಲೊಂಬಾರ್ಡ್‌ನಲ್ಲಿ. ಕಾರಿನಲ್ಲಿ ಐದು ಗಂಟೆಯ ದಾರಿ, ಹಿಮ ಬಿದ್ದರೆ ಇನ್ನೂ ಹೆಚ್ಚು. ಯಾರ ಕೆಲಸ ಬಿಡುವುದು? ನಾನು ಬಿಟ್ಟು ಅವರ ಜೊತೆ ಹೋದರೆ ನಾಳೆ ಅವರದು ಹೋದಾಗ ಮೂವರೂ ಬೀದಿಗೆ. ಅವರು ಬಿಟ್ಟು ಇಲ್ಲೇ ಇದ್ದರೆ ಬರುವ ವರ್ಷ ನನ್ನ ಗುತ್ತಿಗೆ ಮುಗಿದಾಗ ಅದೇ ಗತಿ. ಇಷ್ಟನ್ನೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಾಫಿ ಸೋಸಿ ಮುಗಿಯುವುದರೊಳಗೆ ಆ ಅಡುಗೆಮನೆಯಲ್ಲಿ ಒಂದು ಮಾತು ಬಂತು: “ಸ್ವಲ್ಪ ದಿನ ಬೇರೆ ಬೇರೆ ಇರೋಣ.” ಆ ತಿಂಗಳೇ ಅವರು ಲೊಂಬಾರ್ಡ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಹಿಡಿದರು. ಸ್ವಲ್ಪ ದಿನ ಎಂದದ್ದು ಸ್ವಲ್ಪ ದಿನದಲ್ಲಿ ಮುಗಿಯಲಿಲ್ಲ.

ಆ ಮಾತನ್ನು ಆಡಿದ್ದು ಅವರು ಎಂದು ನನ್ನ ನೆನಪು. ನೀನೇ ಅಂದಿದ್ದು, ಕೋಟು ಕೂಡ ಬಿಚ್ಚಿರಲಿಲ್ಲ ಎಂದು ಅವರು. ಅವತ್ತಿನ ದಿನಚರಿಯಲ್ಲಿ ‘ತೀರ್ಮಾನವಾಯಿತು’ ಎಂದಷ್ಟೇ ಬರೆದಿದ್ದೇನೆ. ಯಾರು ಮಾಡಿದ್ದು ಎಂದು ಬರೆಯುವ ಧೈರ್ಯ ಬಂದಿರಲಿಲ್ಲವೆಂದು ಕಾಣುತ್ತದೆ. ಅಡುಗೆಮನೆಯಲ್ಲಿ ಅವತ್ತು ಕೂತಿದ್ದ ಮೂರನೆಯವಳು ಅನಘಾ. ಈಚೆಗೆ ಅವಳನ್ನು ಕೇಳಿದೆ. ಅವಳು ಫೋನಿನಿಂದ ತಲೆ ಎತ್ತದೆ, “ಯೂ ಬೋತ್ ಸೆಡ್ ಇಟ್, ಅಮ್ಮಾ. ಅಟ್ ದ ಸೇಮ್ ಟೈಮ್,” ಎಂದಳು. ಒಟ್ಟಿಗೆ ಆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂದು ಕೇಳುವುದೇ ತಪ್ಪು ಎಂಬುದು ನನ್ನ ವೃತ್ತಿಯ ಮೊದಲ ಪಾಠ. ಅದನ್ನು ಹೊಸಬರಿಗೆ ನಾನೇ ಕಲಿಸುತ್ತೇನೆ. ಆದರೂ ಅವರೇ ಮೊದಲು ಹೇಳಿದ್ದೆಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನಾನೇ ಎಂದು ಅವರೂ ಇಟ್ಟುಕೊಂಡಿರಬೇಕು. ಅವರನ್ನು ಮತ್ತೆ ಕೇಳಿಲ್ಲ.